ಒಂದು ಬಾಗಿಲಷ್ಟು

ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಹಿಂದಿನ ರಸ್ತೆ,
ಸಲೀನಾಸ್ ಊರಿಗೂ ಕೆರಿಬಿಯನ್ ಕಡಲಿಗೂ ನಡುವೆ.
ಶನಿವಾರ ಹನ್ನೊಂದು ದಾಟಿದರೆ ಹುಡುಗರು ಬರುತ್ತಾರೆ,
ಹಳೇ ಟೊಯೋಟಾ, ಹಳೇ ಮಾಜ್ದಾ,
ಹಗುರಾಗಲೆಂದು ಹಿಂದಿನ ಸೀಟು ಕಿತ್ತವು, ಬಂಪರ್ ಕಿತ್ತವು.
ಮೊದಲು ರಸ್ತೆಗೆ ಬಂದ ಏಡಿಗಳನ್ನು
ಪೊರಕೆಯಲ್ಲಿ ಬದಿಗೆ ಗುಡಿಸುತ್ತಾರೆ.
ಆಮೇಲೆ ನನಗೆ ಕೂಗು:
ದೋನ್ಯಾ ಮಿಗ್ದಾಲಿಯಾ, ಗೆರೆ ಎಳೀರಿ.

ನಾನು ದರ್ಜಿ.
ಜೋಳದ ಹಿಟ್ಟಿನ ಗೆರೆ ಎಳೆದು ಅದರ ತುದಿಗೆ ನಿಲ್ಲುತ್ತೇನೆ.
ಕ್ಯಾಮರಾ ಇಲ್ಲ, ಗಡಿಯಾರ ಇಲ್ಲ,
ಇರುವುದು ಕಣ್ಣಳತೆ ಒಂದೇ.
ಮದುಮಗಳು ಅಂಗಡಿಯ ಮೆಟ್ಟಿಲು ಹತ್ತುವಾಗಲೇ
ಸೊಂಟ ಎಷ್ಟು, ತೋಳು ಎಷ್ಟು ಎಂದು
ನಲವತ್ತು ವರ್ಷ ತಪ್ಪದೆ ಹೇಳಿದ ಕಣ್ಣು.

ಗುಟ್ಟು ಇಷ್ಟೇ: ಕಾರು ನೋಡಬಾರದು, ಗೆರೆ ನೋಡಬೇಕು.
ಮೊದಲ ಮೂತಿ ಗೆರೆ ಮುಟ್ಟಿತೋ, ಅಲ್ಲಿಂದ ಎಣಿಕೆ.
ದೀಪ, ಮುಂದಿನ ಗಾಲಿ, ಕನ್ನಡಿ, ಬಾಗಿಲ ಹಿಡಿ...
ಎರಡನೆಯ ಮೂತಿ ಬಂದ ಗಳಿಗೆಯಲ್ಲಿ
ಗೆರೆಯ ಮೇಲೆ ಏನಿತ್ತೋ ಅದೇ ಗೆಲುವಿನ ಉದ್ದ.

ಆಮೇಲೆ ಅದು ಯಾರ ಮಾತೂ ಕೇಳುವುದಿಲ್ಲ.
ಗೆದ್ದವನ ಬಾಯಲ್ಲಿ ಬೆಳಗಾಗುವುದರೊಳಗೆ
ಒಂದು ಬಸ್ಸು, ಹಿಂದೆ ಇನ್ನೊಂದು ಬಸ್ಸು.
ಸೋತವನ ಬಾಯಲ್ಲಿ ಕೂದಲೆಳೆ,
ಅದೂ ಸೀಳಿದ ಕೂದಲು.
ಯಾರ ಕಾರು ಅಳತೆಗೋಲು ಎಂದು ಒಮ್ಮೆ ಕೈಕೈ ಹತ್ತಿತು.
ಒಬ್ಬನಂತೂ ಫೈಬರಿನ ಮೂಗು ಅಂಟಿಸಿಕೊಂಡು ಬಂದು
ಆ ಮೂಗಿನಷ್ಟೇ ಗೆದ್ದ.
ಇನ್ನೊಬ್ಬ, ‘ಎರಡು ಕಾರು ಮುಂದೆ ಬಿಟ್ಟುಕೊಡ್ತೀನಿ’ ಎಂದು ಜಂಬ ಕೊಚ್ಚಿ
ಅರ್ಧ ಕಾರು ಹಿಂದುಳಿದ.
ಸೋತದ್ದು ಅರ್ಧವೋ, ಗೆದ್ದದ್ದು ಒಂದೂವರೆಯೋ?
ದುಡ್ಡು ಒಂದು ಲೆಕ್ಕ ಹೇಳಿತು, ಬಿಯರು ಇನ್ನೊಂದು.

ಲೆಕ್ಕದ ಮೇಷ್ಟ್ರು ಎರಿಬೆರ್ತೊ ಹೇಳಿದ್ದ:
ಗಂಟೆಗೆ ನೂರರವತ್ತು ಕಿಲೋಮೀಟರು ಎಂದರೆ
ಒಮ್ಮೆ ಎವೆಯಿಕ್ಕುವಷ್ಟರಲ್ಲಿ ಎರಡು ಕಾರಿನುದ್ದ ಹೋಯಿತು.
ನಕ್ಕಿದ್ದೆ. ನಾನೆಲ್ಲಿ ಎವೆಯಿಕ್ಕುತ್ತೇನೆ?

ಆ ರಾತ್ರಿ ಉಬಾಲ್ದೊನದೂ ಹೊಆನಿಯೆಲನದೂ.
ಪಣ ದುಡ್ಡಲ್ಲ, ಕಾರೇ.
ಜೋಡಿ ದೀಪ ಒಂದೇ ಬೆಂಕಿಯಾಗಿ ಬಂತು.
ಕಾರ್ಖಾನೆ ಕಡೆಯಿಂದ ಗಾಳಿ, ಗಾಳಿಯಲ್ಲಿ ಹಿಟ್ಟು,
ಹಿಟ್ಟಿನ ಒಂದು ಕಣ.
ಕಣ್ಣು ಬಿಟ್ಟಾಗ ಎರಡೂ ಹೋಗಿದ್ದವು.

ಸುತ್ತ ನಿಂತವರೆಲ್ಲ ನನ್ನ ಮುಖ ನೋಡಿದರು.
ನನಗೂ ಮರ್ಯಾದೆ ಇತ್ತು.
‘ಉಬಾಲ್ದೊ. ಒಂದು ಬಾಗಿಲಷ್ಟು’ ಅಂದೆ.
ಯಾರೂ ಎದುರಾಡಲಿಲ್ಲ.
ಹೊಆನಿಯೆಲ್ ಕೀಲಿ ಕೊಟ್ಟ,
ಕನ್ನಡಿಗೆ ಕಟ್ಟಿದ್ದ ತಂಗಿಯ ರಿಬ್ಬನ್ನು ಬಿಚ್ಚಿಕೊಂಡ,
ಏಡಿ ತುಳಿಯದಂತೆ ನೋಡಿಕೊಂಡು ನಡೆದು ಹೋದ.

ಮರುದಿನ ಟೇಪು ಹಿಡಿದು
ಪಕ್ಕದ ಮನೆಯ ಕಾರಿನ ಬಾಗಿಲು ಅಳೆದೆ.
ನಾಲ್ಕು ಅಡಿಗೆ ಎರಡು ಬೆರಳು ಕಡಿಮೆ.
ನಾನು ಹೇಳಿದ್ದು ಎಷ್ಟು ಎಂದು ಗೊತ್ತಾಯಿತು.
ಆದದ್ದು ಎಷ್ಟು ಎಂದಲ್ಲ.

ಮೂರು ತಿಂಗಳಿಗೆ ಅವನೇ ಬಂದ,
ಪೊನ್ಸೆಯ ಮಾಲಿನಲ್ಲಿ ಕಾವಲಿನ ಕೆಲಸ,
ಕೈಯಲ್ಲಿ ಸಮವಸ್ತ್ರದ ಪ್ಯಾಂಟು, ಉದ್ದ ಹೆಚ್ಚು.
ಬಟ್ಟೆ ಕತ್ತರಿಸಲಿಲ್ಲ.
ನಾಲ್ಕು ಬೆರಳು ಮಾರ್ಜಿನ್ ಒಳಗೇ ಮಡಚಿಟ್ಟೆ.
‘ಇಷ್ಟೊಂದು ಯಾಕೆ? ಇನ್ನೇನು ಬೆಳೀತೀನಾ ನಾನು?’
ಕನ್ನಡಿಯ ಮುಂದೆ ನೆಟ್ಟಗೆ ನಿಂತು ಕೇಳಿದ:
‘ಈಗ ಸರಿಯಾಗಿದೆಯಾ ದೋನ್ಯಾ?’

ಅವನ ಕಾಲ ಬಳಿ ಕೂತು
ಅಂಚಿನ ಗೆರೆಯನ್ನೇ ನೋಡುತ್ತಿದ್ದೆ,
ಬಾಯಿ ತುಂಬ ಗುಂಡುಸೂಜಿ.