ಹತ್ತು ಅಂಕದ ಪ್ರಶ್ನೆ

ಧಾರವಾಡ, ಮೌಲ್ಯಮಾಪನ ಕೇಂದ್ರ, ಮೇ ತಿಂಗಳು.
ಫ್ಯಾನಿಗೆ ಹಾರುವ ಪತ್ರಿಕೆಗಳ ಮೇಲೆ
ಚಹಾದ ಕಪ್ಪು, ಮೊಬೈಲು, ಯಾರದೋ ಕನ್ನಡಕದ ಡಬ್ಬಿ.
ಮೂವತ್ತೊಂದನೆಯದು. ಹೆಸರಿಲ್ಲ, ಬರೀ ಸಂಕೇತ ಸಂಖ್ಯೆ.
ಪ್ರಶ್ನೆ ಏಳು:
‘ಅಸ್ಥಿರ ಪ್ರದೇಶದಲ್ಲಿರುವ ತೊಡಕಿನ ಮಿತ್ರರಾಷ್ಟ್ರದೊಡನೆ
ವಿದೇಶಾಂಗ ನೀತಿ ಹೇಗಿರಬೇಕು? ಚರ್ಚಿಸಿ.’

ಮಾದರಿ ಉತ್ತರ ನನ್ನ ಎಡಗೈ ಕೆಳಗಿದೆ.
ಪೀಠಿಕೆಗೆ ಎರಡು, ರಾಷ್ಟ್ರೀಯ ಹಿತಾಸಕ್ತಿಗೆ ಮೂರು,
ಒಪ್ಪಂದ, ನೆರವು, ಗಡಿ ಎಲ್ಲ ಸೇರಿ ನಾಲ್ಕು,
ಉಪಸಂಹಾರಕ್ಕೆ ಒಂದು.
ಬೆಳಗಿನಿಂದ ಮೂವತ್ತು ಮಂದಿ ಒಂದೇ ಗೈಡಿನ ಒಂದೇ ಪುಟವನ್ನು
ಒಂದೇ ತಪ್ಪು ಕಾಗುಣಿತದೊಡನೆ ಒಪ್ಪಿಸಿದ್ದಾರೆ.

ಇದು ಹೀಗೆ ಶುರುವಾಗುತ್ತದೆ:
‘ನಮ್ಮದು ಬೆಟಗೇರಿ. ನೇಕಾರರು.
ಹಾಸು ಹಿಗ್ಗಿಸಾಕ ಉದ್ದನ್ನ ಜಾಗಾ ಬೇಕರಿ.
ನಮ್ಮ ಅಂಗಳ ಅರ್ಧಕ್ಕ ಮುಗೀತೈತಿ.
ಉಳಿದರ್ಧ ಗೂಳಪ್ಪಣ್ಣನ ಅಂಗಳದಾಗ.

ಗೂಳಪ್ಪಣ್ಣ ನಮ್ಮ ಮಂದಿನ. ಅಂದ್ರ, ಹಂಗಂತ ಅಂವ ಹೇಳ್ತಾನ.
ಹಬ್ಬಕ್ಕ ಹೋಳಗಿ ತಿಂತಾನ, ಅಂಗಳದ ಬಾಡಗಿ ಮುಂಗಡ ಎಣಿಸ್ಕೋತಾನ,
ರಾತ್ರಿ ಓಣಿ ಆ ತುದೀ ಬಸೆಟ್ಟೆಪ್ಪನ ಕಡೆನೂ ಎಣಿಸ್ಕೋತಾನ.
ಎಳಿ ಹರದಿದ್ರ “ಬೆಕ್ಕು” ಅಂತಾನ.
ಆ ಬೆಕ್ಕಿಗೆ ಹಾಲು ನಾವ ಹಾಕ್ತೇವಿ.

ಅವನ ಮೂರು ಮಕ್ಕಳಿಗೆ ಒಬ್ಬರ ಮಾರಿ ಒಬ್ಬರಿಗೆ ಆಗೂದಿಲ್ಲ.
ಅಂಗಳದ ಕೀಲಿ ಇವತ್ತು ಹಿರಿಯವನ ಉಡದಾರದಾಗ,
ನಾಳೆ ಯಾರ ಕೈಯಾಗೋ.
ಅದಕ್ಕ ಅಪ್ಪ ಹಗಲು ಹಿರಿಯವಗ ನಮಸ್ಕಾರ ಮಾಡ್ತಾನ,
ಸಂಜಿಕೆ ನಡುವಿನವಗ ಚಹಾ ಕುಡಿಸ್ತಾನ,
ಸಣ್ಣವಗ, ಯಾರಿಗೂ ಗೊತ್ತಾಗದಂಗ,
ಸೈಕಲ್ ರಿಪೇರಿ ಮಾಡಿಸಿ ಕೊಟ್ಟಾನ.’

‘ಪ್ರಶ್ನೆಗೆ ಸಂಬಂಧವಿಲ್ಲ’ ಎಂದು ಅಂಚಿನಲ್ಲಿ ಬರೆಯಹೋಗಿ
‘ಪ್ರ’ದ ಹತ್ತಿರ ನನ್ನ ಕೆಂಪು ಪೆನ್ನು ನಿಂತಿತು.
ಪಕ್ಕದ ಟೇಬಲ್ಲಿನ ಹೊಂಬಳ ಸರ್:
‘ಏನ್ ಮೇಡಂ, ನಗಾಕತ್ತೀರಿ?’
ನಗುತ್ತಿದ್ದೆನೇ?

‘ಜಗಳಾಡಿ ಬಿಟ್ಟರ ಆತಲ್ಲ ಅಂತ ಒಮ್ಮೆ ಅವ್ವಗ ಕೇಳಿದೆ.
ಅವ್ವ ಗಂಜಿ ಕುಂಚ ಕೆಳಗಿಟ್ಟಳು.
ಅಂವ ಗೆಳ್ಯಾ ಅನ್ನಲಿಲ್ಲ. ವೈರಿ ಅನ್ನಲಿಲ್ಲ.
ನಮ್ಮ ಹಾಸು ಅವನ ಅಂಗಳದಾಗೈತಿ, ಅಂದಳು.’

ಇಪ್ಪತ್ತೆರಡು ವರ್ಷ ನಾನು ಕಲಿಸಿದ್ದು ಇದನ್ನೇ,
ಕರಿಹಲಗೆಯ ಮೇಲೆ ಬಾಣ ಬರೆದು, ದಪ್ಪ ದಪ್ಪ ಪದಗಳಲ್ಲಿ.
ಬರೆದುಕೊಳ್ಳುತ್ತಿದ್ದವರು ಯಾರೂ ತಲೆಯೆತ್ತಿರಲಿಲ್ಲ.

ಇಲ್ಲಿಂದ ಅಕ್ಷರ ಸಣ್ಣವಾಗಿವೆ, ಹೊತ್ತು ಮುಗಿಯುತ್ತ ಬಂದಿರಬೇಕು:
‘ಇನ್ನೊಂದು ಐತ್ರಿ.
ನಮಗೂ ಅವರಿಗೂ ನಡುವ ಒಂದ ಗ್ವಾಡಿ.
ಹೋದ ಮಾಘದಾಗ ಒಂದ ರಾತ್ರಿ ಅವರ ನಡುವಿನ ಸೊಸಿ ಚೀರಿದಳು.
ಏನೋ ಬಿದ್ದ ಸಪ್ಪಳ. ಮತ್ತ ಚೀರಲಿಲ್ಲ.
ಅವ್ವ ಎದ್ದು ಕುಂತಳು. ಅಪ್ಪ, ಲೈಟ್ ಹಚ್ಚಬ್ಯಾಡ ಅಂದ.
ಹೊರಗ ಹಾಸು ಹಿಗ್ಗಿಸಿ ಬಿಟ್ಟಿದ್ದಿವಿ, ಮದುವಿ ಗಿರಾಕಿದು.
ಮುಂಜಾನೆ ಅಪ್ಪ ಕೇಳಿದ್ದು ಇಷ್ಟ: ಎಳಿ ನೆಟ್ಟಗ ಅದಾವಿಲ್ಲೋ?
ಅದಾವು, ಅಂದೆ. ನಾನ ನೋಡಿ ಬಂದಿದ್ದೆ.
ಆಕಿ ಕಟ್ಟಿ ಮ್ಯಾಲೆ ಕುಂತು, ತುಟಿ ಬಾತಿತ್ತು,
ಕೋಳಿ ಬರದಂಗ ನಮ್ಮ ನೂಲು ಕಾಯಾಕತ್ತಿದ್ದಳು.
ನನ್ನ ಕಡೆ ನೋಡಿದಳು. ನಾನು’

ಅಷ್ಟೇ. ‘ನಾನು’ ಮುಂದೆ ಚುಕ್ಕಿಯೂ ಇಲ್ಲ.
ಮೇಲ್ವಿಚಾರಕರು ಕಿತ್ತುಕೊಳ್ಳುವಾಗ ಪೆನ್ನು ಎಳೆದ ಗೆರೆ
ಅಂಚು ದಾಟಿ ಹೋಗಿದೆ.

ಪೀಠಿಕೆ ಇಲ್ಲ. ಒಪ್ಪಂದಗಳ ಇಸವಿ ಇಲ್ಲ. ಉಪಸಂಹಾರ ಇಲ್ಲ.
ಆರು ಬರೆದೆ. ಹೊಡೆದುಹಾಕಿ ಎಂಟು ಮಾಡಿ, ಸಣ್ಣ ಸಹಿ ಹಾಕಿದೆ.
ಹೊಂಬಳ ಸರ್ ಬಗ್ಗಿ ನೋಡಿ,
‘ಮೇಲಿನವರು ಕಡಿಮಿ ಮಾಡ್ತಾರ ನೋಡ್ರಿ’ ಅಂದರು.
ಮಾಡಲಿ.

ಇನ್ನೂ ಒಂಬತ್ತು ಬಾಕಿ. ನಾಲ್ಕಕ್ಕೆ ಬಂಡಲ್ ಕಟ್ಟಬೇಕು.
ಮೂವತ್ತೆರಡನೆಯದನ್ನು ತೆರೆದೆ:
‘ನೆರೆರಾಷ್ಟ್ರಗಳೊಂದಿಗೆ ಶಾಂತಿಯುತ ಸಹಭಾಳ್ವೆಯೇ...’
ಅದೇ ಭ.
ಪೀಠಿಕೆಗೆ ಎರಡಕ್ಕೆ ಎರಡು.