ನಾಲ್ಕು ಬೆರಳು

ರೈಲಿಗೆ ಸ್ಟೇರಿಂಗ್ ಇರುವುದಿಲ್ಲ.
ಹೇಳಿದರೆ ಸಂಡೇ ಸ್ಕೂಲಿನ ಮಕ್ಕಳು ನಂಬುವುದಿಲ್ಲ.
ಡ್ರೈವರನ ಕೈಯಲ್ಲಿರುವುದು ವೇಗ, ಬ್ರೇಕು,
ಹೆಚ್ಚೆಂದರೆ ಒಂದು ಕೂಗು.
ತಿರುವು ಇರುವುದು ನೆಲದಲ್ಲಿ,
ಅವನು ಬರುವ ಮುಂಚೆಯೇ, ಹಳಿಯ ನಾಲಿಗೆಯಲ್ಲಿ.

ನಾನು ಅರಸೀಕೆರೆ ಯಾರ್ಡಿನ ಪಾಯಿಂಟ್ಸ್‌ಮನ್.
ಹೆಂಗಸಾದರೂ ಹುದ್ದೆಯ ಹೆಸರು ಅದೇ.
ನನ್ನ ಹೆಸರು ದೊರ್ಕ. ದೊರಕಿದ್ದು ಅನುಕಂಪದ ನೌಕರಿ,
ಗಂಡ ಸತ್ತ ಏಳನೇ ತಿಂಗಳು,
ಮತ್ತು ಅವನದೇ ಕೈದೀಪ,
ಹಿಡಿಯಲ್ಲಿ ಅವನ ಹೆಬ್ಬೆರಳು ಸವೆಸಿದ ಗುರುತು.

ಈಗ ಎಲ್ಲವೂ ಪ್ಯಾನೆಲ್ಲಿನ ಗುಂಡಿ.
ಆದರೆ ಡಿಸೆಂಬರಿನ ಒಂದು ರಾತ್ರಿ ಮೋಟಾರು ಕೈಕೊಟ್ಟಿತು,
ಮಾಸ್ಟರು ವಾಕಿಟಾಕಿಯಲ್ಲಿ ಕೂಗಿದರು,
ಕ್ರ್ಯಾಂಕ್ ಹ್ಯಾಂಡಲ್ ಹೊತ್ತು ಓಡಿದೆ.
ಜಲ್ಲಿಯ ಮೇಲೆ ಇಬ್ಬನಿ,
ತೆಂಗಿನ ಸಾಲಿನಾಚೆ ಮಾಲೇಕಲ್ಲು ಬೆಟ್ಟದ ದೀಪ.
ಸಿಗ್ನಲ್ಲಿನಾಚೆ ನಿಂತ ಗಾಡಿ
ದಣಿದ ದನದ ಹಾಗೆ ಉಸಿರಾಡುತ್ತಿತ್ತು.

ತಿರುಗಿಸಿದೆ. ನಾಲಿಗೆ ಸರಿಯಿತು:
ನಾಲ್ಕು ಬೆರಳು, ಅಷ್ಟೇ.
ಈ ಕಡೆ ಒತ್ತಿದರೆ ಕಡೂರು, ಬೀರೂರು, ಒಣ ಬಯಲು, ಹುಬ್ಬಳ್ಳಿ.
ಆ ಕಡೆ ಒತ್ತಿದರೆ ಹಾಸನ, ಸಕಲೇಶಪುರ,
ಸುರಂಗಗಳ ಕತ್ತಲು, ಕೊನೆಗೆ ಕಡಲು.
ಮೊದಲ ಫರ್ಲಾಂಗು ಎರಡೂ ಜೊತೆಯಲ್ಲೇ ಓಡುತ್ತವೆ,
ಈ ಕಿಟಕಿಯಿಂದ ಆ ಕಿಟಕಿಗೆ ಬೀಡಿಗೆ ಬೆಂಕಿ ಕೊಡಬಹುದು.
ದಾರಿ ಬೇರೆಯಾಯಿತೆಂದು ಯಾರಿಗೂ ಅನಿಸುವುದಿಲ್ಲ.

ಮಾವ ಗ್ಯಾಂಗ್‌ಮನ್ ಆಗಿದ್ದವರು.
ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಸಿದ ವರ್ಷ
ಆರಾಧನೆ ಮುಗಿಸಿ ಬರುತ್ತ ಹೇಳಿದ್ದರು:
"ಇಕ್ಕಟ್ಟಿನ ದಾರಿ ಹೋಯ್ತು ಕಣಮ್ಮ, ಅಗಲದ ದಾರಿ ಬಂತು.
ಅಗಲದ್ದು ಎಲ್ಲಿಗೆ ಹೋಗ್ತದೆ, ಗೊತ್ತಲ್ಲ?"
ನಕ್ಕರೋ ಅತ್ತರೋ, ಮೀಸೆಯಲ್ಲಿ ತಿಳಿಯಲಿಲ್ಲ.
ಮಗ ಆಗಲೇ ಕುಡಿಯುವುದು ಕಲಿತಿದ್ದ.

ಯಾರ್ಡಿನ ತುದಿಯಲ್ಲಿ ಒಂದು ಕುರುಡು ಹಳಿ ಇದೆ.
ಎಲ್ಲಿಗೂ ಹೋಗುವುದಿಲ್ಲ. ಕೊನೆಗೆ ಮರಳಿನ ಗುಡ್ಡೆ.
ಹಿಡಿತ ತಪ್ಪಿದ ಬೋಗಿ ಅದರೊಳಕ್ಕೆ ನುಗ್ಗಲಿ,
ಮುಗ್ಗರಿಸಲಿ, ಚಕ್ರ ಹೂತುಹೋಗಲಿ,
ಎದುರು ಬರುವವರ ಮೇಲೆ ಬೀಳದಿರಲಿ ಎಂದು.
ನನ್ನ ಸಮಾಧಾನಪ್ಪ ನಿಂತದ್ದು ಹಾಗೆ.
ಆಸ್ಪತ್ರೆಯ ಕಬ್ಬಿಣದ ಮಂಚದಲ್ಲಿ ಹಳದಿ ಕಣ್ಣು ತೆರೆದು
"ದೊರ್ಕಾ, ನಾನೀಗ ಯಾವ ಲೈನಲ್ಲಿದ್ದೀನಿ?" ಅಂದ.
ಅಯ್ಯನವರು ಪ್ರಾರ್ಥನೆಗೆ ಕಣ್ಣು ಮುಚ್ಚಿದ್ದರು.
ನನಗೆ ಉತ್ತರ ಬರಲಿಲ್ಲ. ಪಾದ ಒತ್ತಿದೆ, ತಣ್ಣಗಿತ್ತು.
ಆಮೇಲೆ ಅವನೇ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ,
ಸಂತೆಯಲ್ಲಿ ತಪ್ಪಿಹೋದ ಮಗು ಅಪ್ಪನನ್ನು ಕೂಗುವಂತೆ
ಕರ್ತನನ್ನು ಕೂಗಿದ.

ಆ ಮರಳನ್ನು ಶಿಕ್ಷೆ ಎಂದುಕೊಂಡಿದ್ದೆ.
ಈಗ ಪಕ್ಕದಲ್ಲಿ ಹಾದಾಗಲೆಲ್ಲ,
ಯಾರೋ ಇದನ್ನು ಮುಂಚೆಯೇ ಸುರಿದಿಟ್ಟಿದ್ದಾರಲ್ಲ ಅನಿಸುತ್ತದೆ.

ಕ್ಲ್ಯಾಂಪ್ ಬಿಗಿದು, ಬೀಗ ಹಾಕಿ, ಹಸಿರು ತೋರಿಸಿದೆ.
ಗಾಡಿ ತೆವಳಿತು. ಬಾಗಿಲಲ್ಲಿ ಕೂತ ಹುಡುಗ,
ಮಂಕಿ ಟೋಪಿ, ಮಡಿಲಲ್ಲಿ ಚೀಲ, ಕೇಳಿದ:
"ಅಮ್ಮಾ, ಇದು ಎಲ್ಲಿಗೆ ಹೋಗೋ ಗಾಡಿ?"
ಹತ್ತಿ ಎಷ್ಟು ಹೊತ್ತಾಗಿತ್ತೋ, ನಡುದಾರಿಯಲ್ಲಿ ಕೇಳುತ್ತಾನೆ.
ನಗು ಬಂತು. ಹೇಳಿದೆ. ಕೇಳಿಸಿತೋ ಇಲ್ಲವೋ.
ಕೊನೆಯ ಬೋಗಿಯ ಕೆಂಪು ದೀಪ ಹಾಸನದ ಕಡೆ ಬಾಗಿತು.

ಆಮೇಲೆ ಯಾರ್ಡಿನಲ್ಲಿ ನಾನೊಬ್ಬಳೇ.
ನಗು ನಿಂತಿತ್ತು.
ನನಗೂ ವೇಗ ಗೊತ್ತು, ಬ್ರೇಕು ಗೊತ್ತು:
ಸೊಸೈಟಿ ಸಾಲದ ಕಂತು, ಕ್ವಾರ್ಟರ್ಸಿನ ಅರ್ಜಿ, ಮಗಳ ನರ್ಸಿಂಗ್ ಫೀಸು.
ಸೇರುವ ಊರಿನ ಹೆಸರನ್ನು ಚಿಕ್ಕಂದಿನಿಂದ ಬೋರ್ಡಿನಲ್ಲಿ ಓದಿದ್ದೇನೆ.
ಕಾಲಡಿಯ ನಾಲಿಗೆ ಯಾವ ಕಡೆ ಒತ್ತಿದೆಯೋ
ಬಗ್ಗಿ ನೋಡಿದ್ದಿಲ್ಲ.

ಕ್ಲ್ಯಾಂಪ್ ಬಿಚ್ಚಲು ಮಂಡಿಯೂರಿದೆ.
ಕೆಲಸಕ್ಕೆಂದೇ ಊರಿದ್ದು. ಏಳಲು ತಡವಾಯಿತು.
ಹೆಚ್ಚು ಕೇಳುವುದಿಲ್ಲ ಕರ್ತನೇ,
ನಾಲ್ಕು ಬೆರಳು ಸರಿಸು, ಸಾಕು ಅಂದೆ.
ಜಲ್ಲಿ ಚುಚ್ಚುತ್ತಿತ್ತು. ವಾಕಿಟಾಕಿ ಗೊರಗೊರ ಅಂದಿತು:
"ದೊರ್ಕಮ್ಮಾ, ಎಲ್ಲಿದ್ದೀಯಮ್ಮ?"