ಹೆಸರಿನ ಕೆಳಗೆ

ಬೂಟು ನನ್ನದು, ನಡೆದವಳು ಅರಾಬಾ.
ಅರ್ಧ ಇಂಚು ದೊಡ್ಡದಾಗಿ
ತುದಿಗೆ ಹತ್ತಿ ತುರುಕಿದ್ದೆವು.

ಅದಕ್ಕೂ ಮುಂಚೆ, ಟಕೊರಾಡಿಯ ಮಾರ್ಕೆಟ್ ಸರ್ಕಲ್ಲಿನಲ್ಲಿ
ಕಾರ್ಡು ಅಚ್ಚು ಹಾಕುವ ಮುದುಕ ಕೇಳಿದ್ದ:
ಹೆಸರಾಯಿತು, ಹೆಸರಿನ ಕೆಳಗೇನು?
ಅವಳು ನನ್ನ ಮುಖ ನೋಡಿದಳು.
ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.
ಸರ್ವೆ ವಿಭಾಗ, ಕೊನೆಯ ವರ್ಷ,
ಅದೇನು ಹುದ್ದೆಯೇ?
ಖಾಲಿ ಬಿಡಿ, ಅಂದಳು.
ಬಿಡ್ತೀನಮ್ಮ,
ಖಾಲಿಗೂ ಅಷ್ಟೇ ರೇಟು.

ಬಂದರಿನ ಹೋಟೆಲು. ಹಳೆಯ ವಿದ್ಯಾರ್ಥಿಗಳ ಸಂಜೆ.
ಹರ್ಮಟನ್ ಧೂಳು ಬಾಗಿಲಲ್ಲೇ ಉಳಿದು
ಒಳಗೆ ಎ.ಸಿ., ಎದೆಗೊಂದು ಅಂಟುಚೀಟಿ.
ಮಳೆಗೆ ಸಿಕ್ಕ ಕುರಿಗಳ ಹಾಗೆ ದೊಡ್ಡವರೆಲ್ಲ
ತಲೆ ಒಳಗೆ ಮಾಡಿ, ಬೆನ್ನು ಹೊರಗೆ ಮಾಡಿ
ಗುಂಪುಗುಂಪಾಗಿ ನಿಂತಿದ್ದರು.
ಯಾವ ಬೆನ್ನನ್ನು ಮಾತಾಡಿಸುವುದು?

ಗುಡ್ಡದಿಂದ ಗುಡ್ಡಕ್ಕೆ ದೂರ ಅಳೆಯಬಲ್ಲವಳು
ಹದಿನೈದು ಅಡಿ ಜಮಖಾನ ದಾಟಲಾರದೆ
ಸಿಗಡಿ ಚುಚ್ಚಿದ ಕಡ್ಡಿ ಹಿಡಿದು ನಿಂತಳು,
ಸಿಗಡಿ ತಿಂದಾದ ಮೇಲೂ.
ಹೋಗೇ, ಅಂತ ತಿವಿದೆ.
ಒಮ್ಮೆ ತಿರುಗಿ ನನ್ನನ್ನು ನೋಡಿ ಹೋದಳು.

ಗಣಿ ಕಂಪನಿಯವನು ಕಾರ್ಡು ತಗೊಂಡ.
ವೆರಿ ಗುಡ್, ಮೇಲ್ ಮಾಡಿ, ಅಂದ
ಅವಳ ಹೆಗಲಾಚೆಗಿನ ಯಾರಿಗೋ ನಗುತ್ತ.
ಅಷ್ಟರಲ್ಲಿ ಅವನ ಮೇಜು ಕುಂಟಿತು, ಬಿಯರು ತುಳುಕಿತು.
ಕಾರ್ಡನ್ನು ಎರಡಾಗಿ ಮಡಚಿ, ನಾಲ್ಕಾಗಿ ಮಡಚಿ,
ಬಹಳ ಜೋಪಾನವಾಗಿ
ಮೇಜಿನ ಕಾಲಡಿ ಇಟ್ಟ.
ಅರಾಬಾ ನೋಡಿದಳು. ನಾನೂ ನೋಡಿದೆ.
ನಾನು ನೋಡಿದ್ದನ್ನೂ ಅವಳು ನೋಡಿದಳು.

ನಾನಾಗಿದ್ದರೆ ಸೀದಾ ಬಚ್ಚಲಿಗೆ ಹೋಗಿ
ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದೆ.
ಇವಳು ಮಂಡಿ ಬಾಗಿಸಿ
ಗ್ಲಾಸಿನ ಅಂಚಿಗೆ ಒಂದು ಕಣ್ಣು ತಂದು
ಇನ್ನೊಂದನ್ನು ಮುಚ್ಚಿದಳು.

ಏನು ಕಳಕೊಂಡೆಯಮ್ಮ? ಕೇಳಿದ ಹೆಂಗಸಿನ
ಎದೆಯ ಚೀಟಿಯಲ್ಲಿ ಎಸ್ಸುಮನ್ ಅಂತಿತ್ತು.
ಬಂದರಿನ ನೀರಿನ ಆಳ ಅಳೆಯುವ ಕಚೇರಿ.
ಏನಿಲ್ಲ ಮೇಡಂ, ಮಟ್ಟ ನೋಡ್ತಿದ್ದೆ.
ಪೂರ್ವಕ್ಕೆ ಇನ್ನೂ ಒಂದೆಳೆ ವಾಲಿದೆ.
ಇನ್ನೊಂದು ಕಾರ್ಡಿದೆಯಾ?
ಕೊಟ್ಟಳು.
ಮೇಡಂ ಬಗ್ಗಲಿಲ್ಲ. ಕನ್ನಡಕ ಏರಿಸಿ ಓದಿದರು:
ಹೆಸರಿನ ಕೆಳಗೆ ಏನೂ ಇಲ್ಲವಲ್ಲ.
ತುರುಬಿನಿಂದ ಪೆನ್ನು ಕಿತ್ತು
ಆ ಜಾಗದಲ್ಲಿ ತಮ್ಮ ಫೋನ್ ನಂಬರು ಬರೆದು
ಅವಳಿಗೇ ವಾಪಸು ಕೊಟ್ಟರು.
ಕೆಲಸ ಇಲ್ಲ ನನ್ನ ಹತ್ತಿರ. ದೋಣಿ ಇದೆ.
ಸೋಮವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತೆ.
ಈ ಬೂಟು ಬೇಡ.

ಆ ರಾತ್ರಿ ಹಾಸ್ಟೆಲಿನಲ್ಲಿ ಕರೆಂಟಿಲ್ಲ.
ಒಂದು ಮೆಸೇಜನ್ನು ಒಂಬತ್ತು ಸಲ ಬರೆದಳು.
ಗೌರವಾನ್ವಿತ ಹಾಕಿ ತೆಗೆದಳು,
ಆಶಿಸುತ್ತೇನೆ ಹಾಕಿ ತೆಗೆದಳು,
ಕೊನೆಗೆ ಉಳಿದದ್ದು: ಬರ್ತೀನಿ ಮೇಡಂ. ಅರಾಬಾ.
ಆಮೇಲೆ ಗೊರಕೆ.

ನನ್ನ ಮೂವತ್ತು ಕಾರ್ಡು
ಇನ್ನೂ ರಬ್ಬರ್ ಬ್ಯಾಂಡಿನಲ್ಲೇ ಇವೆ.
ಹೊಟ್ಟೆಕಿಚ್ಚು ಇರಲಿಲ್ಲ ಅನ್ನಲಾರೆ;
ಅರ್ಧ ಇಂಚಿನಷ್ಟು ಇತ್ತು.

ಪರೀಕ್ಷೆಗೆ ಓದುವಾಗ ಇವಳೇ ನನಗೆ ಹೇಳಿಕೊಟ್ಟದ್ದು:
ಗೊತ್ತಿಲ್ಲದ ಬಿಂದು ಹಿಡಿಯಬೇಕಿದ್ದರೆ
ಮೊದಲು ದುರ್ಬೀನು ಹಿಂದಕ್ಕೆ ತಿರುಗಿಸು,
ಗೊತ್ತಿರುವ ಬಿಂದುವೊಂದನ್ನು ನೋಡಿ ಬರೆದುಕೋ,
ಆಮೇಲೆ ಮುಂದಕ್ಕೆ.
ಬೇಸರದಿಂದ ತಲೆಯಾಡಿಸಿದ್ದೆ.

ಜಮಖಾನದ ಅಂಚಿನಲ್ಲಿ ಅವಳು
ತಿರುಗಿ ನನ್ನನ್ನು ನೋಡಿದಳಲ್ಲ,
ಬೂಟು ಕಚ್ಚುತ್ತಿದೆಯೇನೋ ಅಂದುಕೊಂಡಿದ್ದೆ.